ಓಲಗ ಊದುತ್ತಿತ್ತು, ನಾವು ಊಟಕ್ಕೆ ಓಡುತ್ತಿದ್ದೆವು

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಗೆ ಪುಣೆಯಿಂದ ಬೆಂಗಳೂರಿಗೆ ಬಂದಿದ್ದೆ. ಆಫೀಸಿನ ಗೆಳೆಯನೊಬ್ಬ ಜೊತೆಗಿದ್ದ. ಅಪ್ಪಟ ಪುಣೆಯವನು, ಮರಾಠಿ ಮಾತಿನವನು. ಬಸವನಗುಡಿಯ ಛತ್ರ. ಮುಹೂರ್ತ ಮುಗಿಯಿತು. ಮೊದಲ ಪಂಕ್ತಿ ಹಿಡಿಯಲು ನಾವೆಲ್ಲ ನುಗ್ಗಿದೆವು. ಎಲೆ ಮುಂದೆ ಕೂತ ಮೇಲೆ ನೋಡಿದರೆ ಇವನೇ ಇಲ್ಲ. ಎದ್ದು ಹುಡುಕಿದೆ. ಓಲಗದವರ ಮುಂದೆ ಕುರ್ಚಿ ಎಳೆದುಕೊಂಡು ಒಬ್ಬನೇ ಕೂತಿದ್ದ.

"ಇದೇನು, ಶಹನಾಯಿಯ ದೊಡ್ಡಪ್ಪನಾ?" ಅಂತ ಕೇಳಿದ.

ನಾದಸ್ವರ ಅಂದೆ. ಅದರ ಮುಂದಕ್ಕೆ ಹೇಳೋಣ ಅಂದರೆ ನನಗೆ ಏನೂ ಗೊತ್ತಿರಲಿಲ್ಲ. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವನು ನಾನು. ಎಷ್ಟು ಮದುವೆಯಲ್ಲಿ ಓಲಗ ಕೇಳಿಲ್ಲ! ಕೇಳಿದ್ದು ಅಂದರೆ, ಪುರೋಹಿತರು ಯಾವಾಗ "ಗಟ್ಟಿಮೇಳ, ಗಟ್ಟಿಮೇಳ" ಅಂತಾರೆ, ಅಕ್ಷತೆ ಯಾವಾಗ ಎಸೆಯಬೇಕು ಅಂತ ಕಾದಿದ್ದು, ಅಷ್ಟೇ.

ಯಾರೋ ಕೂತು ಕೇಳುತ್ತಿದ್ದಾರೆ ಅಂತ ಗೊತ್ತಾದ ಮೇಲೆ ನಾದಸ್ವರದವರ ಮುಖವೇ ಬೇರೆಯಾಯಿತು. ಊದುವುದು ನಿಲ್ಲಿಸಿ ಸೀವಳಿ ಬಿಚ್ಚಿ ತೋರಿಸಿದರು. ಜೊಂಡಿನಂಥ ಗಿಡದಿಂದ ಮಾಡಿದ ಪುಟ್ಟ ಪೀಪಿ ಅದು. ಒದ್ದೆ ಮಾಡಿ ಹದಕ್ಕೆ ತಂದರೆ ಮಾತ್ರ ಸ್ವರ ಬರುತ್ತದೆ. ಅದಕ್ಕೇ ಇನ್ನೂ ನಾಲ್ಕಾರು ಸೀವಳಿ, ಅದನ್ನು ಸರಿಮಾಡುವ ಒಂದು ಕಡ್ಡಿ, ಎಲ್ಲ ದಾರದಲ್ಲಿ ವಾದ್ಯಕ್ಕೇ ನೇತಾಡುತ್ತಿದ್ದವು. ಬೆರಳು ರಂಧ್ರ ಮುಚ್ಚಿ ತೆಗೆಯುವುದು ಅರ್ಧ ಕೆಲಸವಂತೆ. ಗಮಕ, ಅಂದರೆ ಸ್ವರವನ್ನು ಓಲಾಡಿಸುವುದು, ಬರುವುದು ಜಾಸ್ತಿ ತುಟಿಯಿಂದ, ಉಸಿರಿನ ಒತ್ತಡದಿಂದ. ಇಷ್ಟು ಹೇಳಿ ಮತ್ತೆ ಊದಲು ಶುರು ಮಾಡಿದರು. ಎರಡು ನಿಮಿಷಕ್ಕೇ ನನ್ನ ಗೆಳೆಯ "ಅರೆ, ಭೂಪ್!" ಅಂತ ಕೂಗಿದ.

ಅಷ್ಟರಲ್ಲಿ ನಮ್ಮನ್ನು ಹುಡುಕಿಕೊಂಡು ಚಿಕ್ಕಪ್ಪ ಬಂದರು. "ಭೂಪ್ ಅಲ್ಲಪ್ಪ, ಅದು ಮೋಹನ," ಅಂದರು.

ಇಬ್ಬರದೂ ಸರಿಯೇ. ಸ ರಿ ಗ ಪ ದ, ಐದೇ ಸ್ವರ. ಅವನ ಹಿಂದೂಸ್ತಾನಿಯಲ್ಲಿ ಆ ರಾಗ ಭೂಪ್, ನಮ್ಮ ಕರ್ನಾಟಕ ಸಂಗೀತದಲ್ಲಿ ಮೋಹನ. ನಡಿಗೆ ಮಾತ್ರ ಬೇರೆ. ಇಬ್ಬರೂ ಒಪ್ಪಲಿಲ್ಲ, ಅದು ಬಿಡಿ.

ಪುಣೆಗೆ ಬಂದ ಹೊಸತರಲ್ಲಿ ನನಗೆ ಶಾಸ್ತ್ರೀಯ ಸಂಗೀತ ಅಂದರೆ ಭಯ. ಅದಕ್ಕೆ ಕಾರಣ ಇದೇ ಚಿಕ್ಕಪ್ಪ. ಚಿಕ್ಕವನಿದ್ದಾಗ ಪ್ರತಿ ವರ್ಷ ನನ್ನನ್ನು ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಪಾನಕ, ಕೋಸಂಬರಿ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಆದರೆ ಕಛೇರಿ ಶುರುವಾದರೆ ಪರೀಕ್ಷೆಯೂ ಶುರು. "ಯಾವ ರಾಗ ಹೇಳು ನೋಡೋಣ? ಹಂಸಧ್ವನಿನೋ ಮೋಹನನೋ?" ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಸ್ವರ. ಮೋಹನದಲ್ಲಿ ದ ಇರುವ ಜಾಗಕ್ಕೆ ಹಂಸಧ್ವನಿಯಲ್ಲಿ ನಿ. ಒಂಬತ್ತು ವರ್ಷದ ಹುಡುಗನಿಗೆ ಅದು ಹೇಗೆ ತಿಳಿಯಬೇಕು? ತಪ್ಪು ಹೇಳಿದರೆ ಅಕ್ಕಪಕ್ಕದವರೂ ನಗುತ್ತಿದ್ದರು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಟ್ಯೂಷನ್ ನೆಪ ಹೇಳಿ ತಪ್ಪಿಸಿಕೊಂಡೆ.

ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಸುಮ್ನೆ ಗೆಳೆಯರ ಹಿಂದೆ ಹೋದೆ. ಅದು ಶುರುವಾಗಿದ್ದು 1953ರಲ್ಲಿ. ನಮ್ಮ ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ ನಮ್ಮ ಗದಗಿನ ಶಿಷ್ಯ ಭೀಮಸೇನ ಜೋಶಿ ಶುರು ಮಾಡಿದ್ದು. ಕನ್ನಡಿಗರ ಸಂಗೀತ ಕೇಳುವುದನ್ನು ನಾನು ಮರಾಠಿಗರಿಂದ ಕಲಿಯಬೇಕಾಯಿತು, ಏನು ಮಾಡೋದು. ಅಲ್ಲಿ ಯಾರೂ ನನ್ನನ್ನು ರಾಗ ಕೇಳಲಿಲ್ಲ. ಡಿಸೆಂಬರ್ ಚಳಿ, ಶಾಲು ಹೊದ್ದು ಕೂತ ಸಾವಿರಾರು ಜನ. ಪಕ್ಕದ ಅಜ್ಜ ಒಂದು ಕಡೆ "ಕ್ಯಾ ಬಾತ್ ಹೈ" ಅಂದರು. ಏನಾಯಿತಪ್ಪ ಅಂತ ಕಿವಿ ನಿಮಿರಿತು. ಇನ್ನೊಂದು ಕಡೆ ತಲೆಯಾಡಿಸಿದರು. ಮೂರನೇ ಸಲಕ್ಕೆ ಅವರಿಗಿಂತ ಒಂದು ಕ್ಷಣ ಮೊದಲೇ ನನ್ನ ತಲೆ ಆಡಿತ್ತು. ಪಾಠ ಅಂದರೆ ಅಷ್ಟೇ.

ಮತ್ತೊಂದು ಗಮನಿಸಿದೆ. ಆ ಉತ್ಸವದ ಮೊದಲ ದಿನ ಹಲವು ವರ್ಷ ಶಹನಾಯಿಯಿಂದಲೇ ಶುರುವಾಗಿದೆ. ಅದೂ ಮದುವೆ ಮನೆಯ ವಾದ್ಯವೇ ಅಲ್ವಾ? ಆದರೆ ಜನ ಬಂದು ಕೂತು ಕೇಳುತ್ತಾರೆ. ನಮ್ಮ ಸಭೆಗಳಲ್ಲೂ ಮಂಗಳವಾದ್ಯ ಇರುತ್ತದೆ. ಅದು ಊದುವ ಹೊತ್ತಿಗೆ ನಾವು ಕಾಫಿ ಕುಡಿಯುತ್ತಿರುತ್ತೇವೆ, ಇಲ್ಲ ಸೀಟು ಹುಡುಕುತ್ತಿರುತ್ತೇವೆ.

ಹಾಗಂತ ಪುಣೆಯೇ ಮೇಲು ಅನ್ನುತ್ತಿಲ್ಲ. ಅಲ್ಲಿ ನಮ್ಮ ಕಡೆಯ ವಾದ್ಯಗಳು ಕಿವಿಗೆ ಬೀಳುವುದೇ ಅಪರೂಪ. ನನ್ನ ಗೆಳೆಯನಿಗೆ ಕೊಳಲು ಅಂದರೆ ಉದ್ದನೆಯ ಬಾನ್ಸುರಿ ಒಂದೇ. ಪನ್ನಾಲಾಲ್ ಘೋಷ್ ಅದನ್ನು 32 ಇಂಚಿಗೆ ಬೆಳೆಸಿದರು, ಅಂದರೆ ಹೆಚ್ಚುಕಡಿಮೆ ಮೂರೂವರೆ ಗೇಣು. ಬಿದಿರು ಉದ್ದವಾದಷ್ಟೂ ದನಿ ಕೆಳಗಿಳಿಯುತ್ತದೆ. ಹಿಂದೂಸ್ತಾನಿಯ ಖಯಾಲ್ ಗಾಯನದ ನಿಧಾನ, ಕೆಳಗಿನ ಸ್ಥಾಯಿಯ ಆಳ ಎಲ್ಲ ಅದರಲ್ಲಿ ಬಂತು. ನಮ್ಮ ಕರ್ನಾಟಕ ಸಂಗೀತದ ಕೊಳಲು ಸಾಮಾನ್ಯವಾಗಿ ಎರಡು ಗೇಣೂ ಇಲ್ಲ. ಬೆರಳಿಗೆ ಎಂಟು ರಂಧ್ರ, ಮೇಲಿನ ದನಿ, ಚುರುಕು ಗಮಕ. ಮದುವೆಯ ಮಾರನೇ ದಿನ ಇವನನ್ನು ಒಂದು ಕೊಳಲು ಕಛೇರಿಗೆ ಕರೆದುಕೊಂಡು ಹೋದೆ. ಚೆನ್ನಾಗಿದೆ, ಆದರೆ ಯಾಕೆ ಇಷ್ಟು ತುಂಡು ತುಂಡಾಗಿ ಊದುತ್ತಾರೆ ಅಂತ ಕೇಳಿದ. ಆಗ ನನಗೂ ಹೊಳೆಯಿತು. ಊದುವವರು ಕೃತಿಯ ಸಾಹಿತ್ಯವನ್ನೇ ಊದುತ್ತಿದ್ದರು. ಮಾತು ಎಲ್ಲಿ ಒಡೆಯುತ್ತದೋ ಉಸಿರೂ ಅಲ್ಲಿ ಒಡೆಯುತ್ತದೆ. ಆ ಕೃತಿ ಗೊತ್ತಿದ್ದವರಿಗೆ ಕೊಳಲಿನಲ್ಲಿ ಅಕ್ಷರವೇ ಕೇಳುತ್ತದೆ. ಗೊತ್ತಿಲ್ಲದವರಿಗೆ ತುಂಡು ಕೇಳುತ್ತದೆ. ಮುಂಚೆ ಅದೇ ಕೃತಿಯನ್ನು ಒಂದು ಸಲ ಹಾಡಿಸಿ ಕೇಳಿಸಿದ್ದರೆ ಸಾಕಿತ್ತು.

ಬೆಂಗಳೂರಿನಲ್ಲಿ ಇದೆಲ್ಲ ಸುಲಭ. ಒಂದೇ ಊರಿನಲ್ಲಿ ಎರಡೂ ಪದ್ಧತಿ ಕೇಳಬಹುದು. ಇಂದು ಕೊಳಲು, ನಾಳೆ ಬಾನ್ಸುರಿ. ಚಾಮರಾಜಪೇಟೆಯ ರಾಮನವಮಿ ಉತ್ಸವ 1939ರಿಂದ ನಡೆಯುತ್ತಿದೆ. ಇಷ್ಟೊಂದು ಇದ್ದೂ ಹೊಸಬರ ಕೈಗೆ ನಾವು ಕೊಡುವುದು ರಾಗಗಳ ಪಟ್ಟಿ! ನನ್ನ ಕೇಳಿದರೆ ಮೊದಲು ಒಂದೇ ರಾಗ ಸಾಕು, ವಾದ್ಯ ನಾಲ್ಕು ಇರಲಿ. ಅದೇ ಮೋಹನ. ಕೊಳಲಿನಲ್ಲಿ, ಬಾನ್ಸುರಿಯಲ್ಲಿ, ನಾದಸ್ವರದಲ್ಲಿ, ಕೊನೆಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ.

ಕದ್ರಿಯವರ ತಂದೆ ನಾದಸ್ವರದವರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಗಮಕಕ್ಕೆ ಒಗ್ಗದ ಕೀಲಿಗಳ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಉತ್ಸವಕ್ಕೆ ನುಡಿಸಿದರು. ಅವರ ಸ್ಯಾಕ್ಸೋಫೋನ್ ಕಣ್ಣು ಮುಚ್ಚಿ ಕೇಳಿ. ಒಳಗೆ ಅಪ್ಪನ ನಾದಸ್ವರ ಇದೆ.

ಇನ್ನು ಊದುವ ವಾದ್ಯ ನಮ್ಮ ಜನಕ್ಕೆ ಹಿಡಿಸುವುದಿಲ್ಲ ಅನ್ನುವವರಿಗೆ 1977ರ 'ಸನಾದಿ ಅಪ್ಪಣ್ಣ' ಸಿನಿಮಾ ನೆನಪಿಸಬೇಕು. ರಾಜಕುಮಾರ್ ಕೈಯಲ್ಲಿ ಸನಾದಿ, ಅದರ ದನಿ ಬಿಸ್ಮಿಲ್ಲಾ ಖಾನರದು. ರಾಗದ ಹೆಸರು ಕೇಳದೆಯೇ ಇಡೀ ಕರ್ನಾಟಕ ಶಹನಾಯಿ ಕೇಳಿತು.

ಪುಣೆಗೆ ಮರಳಿದ ಮೇಲೆ ಗೆಳೆಯ ಆ ದಿನದ ಮೋಹನ, ಅಂದರೆ ಅವನ ಭೂಪ್, ಬೇಕು ಅಂತ ಹಟ ಹಿಡಿದ. ಚಿಕ್ಕಪ್ಪನಿಂದ ಮದುವೆ ವಿಡಿಯೋ ತರಿಸಿದೆ. ನಾಲ್ಕು ಗಂಟೆಯ ವಿಡಿಯೋ. ಓಲಗ ಇದ್ದ ಕಡೆಯೆಲ್ಲ ಎಡಿಟ್ ಮಾಡಿದವನು ಸಿನಿಮಾ ಹಾಡು ಹಾಕಿದ್ದಾನೆ. ಈಗ ಉಳಿದಿರುವುದು ಗೆಳೆಯನ ಮೊಬೈಲಿನಲ್ಲಿರುವ ಎರಡು ನಿಮಿಷ ಮಾತ್ರ. ಅದರಲ್ಲೂ ನಾದಸ್ವರ ತಾರಸ್ಥಾಯಿಗೆ ಏರುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನ ದನಿ ಕೇಳುತ್ತದೆ: "ಏಳ್ರೋ, ಹೋಳಿಗೆ ಬಡಿಸ್ತಾ ಇದ್ದಾರೆ."