ಬ್ಯಾಟರಿ ವೀಕಾದರೆ ಮೈಲೇಜ್ ಅರ್ಧಕ್ಕೆ ಇಳಿಯಲ್ಲ: ಸ್ಪಷ್ಟನೆ

ಮೊನ್ನೆ ನಮ್ಮ ಮಂಡ್ಯದ ಗ್ರೂಪಿಗೆ ನಾನೇ ಒಂದು ಮೆಸೇಜ್ ಹಾಕಿದ್ದೆ: 'ಕಾರಿನ ಬ್ಯಾಟರಿ ವೀಕಾದರೆ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆ, ಕೂಡಲೇ ಬದಲಾಯಿಸಿ' ಅಂತ. ಅದು ತಪ್ಪು. ವಿಚಾರಿಸದೆ ಸುಮ್ನೆ ಕಳಿಸಿಬಿಟ್ಟೆ.

ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು. ಗಾಡಿ ಓಡುವಾಗ ಲೈಟು, ಹಾರ್ನಿಗೆಲ್ಲ ಕರೆಂಟ್ ಕೊಡುವುದು ಆಲ್ಟರ್ನೇಟರ್. ಅದನ್ನು ಬೆಲ್ಟ್ ಮೂಲಕ ತಿರುಗಿಸುವುದು ಎಂಜಿನ್ನೇ. ಬ್ಯಾಟರಿ ಇಳಿದಿದ್ದರೆ ಚಾರ್ಜ್ ತುಂಬಿಸಲು ಅದು ಸ್ವಲ್ಪ ಜಾಸ್ತಿ ದುಡಿಯುತ್ತದೆ, ಪೆಟ್ರೋಲೂ ಚೂರು ಜಾಸ್ತಿ ಹೋಗುತ್ತದೆ. ಅಷ್ಟೇ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರುಗಳಲ್ಲಿ ಮಾತ್ರ, ಬ್ಯಾಟರಿ ವೀಕಿದ್ದರೆ ಆ ಸೌಲಭ್ಯ ನಿಂತುಹೋಗಬಹುದು. ಆಗ ಊರೊಳಗೆ ಉಳಿಯಬೇಕಾದ ಪೆಟ್ರೋಲ್ ಉಳಿಯಲ್ಲ.

ನಿನ್ನೆ ನನ್ನ ಕಾರಿಗೇ ಮೀಟರ್ ಇಟ್ಟು ನೋಡಿಸಿದೆ. ರಾತ್ರಿಯಿಡೀ ನಿಂತ ಗಾಡಿ, 12.1 ವೋಲ್ಟ್ ತೋರಿಸಿತು; 12.6ರ ಹತ್ತಿರ ಇರಬೇಕಿತ್ತು. ಸ್ಟಾರ್ಟ್ ಮಾಡಿದ ಮೇಲೆ 14.2. ಅಂದರೆ ಆಲ್ಟರ್ನೇಟರ್ ಸರಿಯಾಗಿದೆ. ಹಾಗಾದರೆ ಮೈಸೂರಿಗೆ ಹೋಗಿಬಂದಾಗ ನನ್ನ ಕಾರಿನ ಮೈಲೇಜ್ ಯಾಕೆ ಬಿತ್ತು? ಹಿಂದಿನ ಎರಡೂ ಟೈರಿನಲ್ಲಿ ಗಾಳಿ ಕಡಿಮೆ ಇತ್ತು, 33 ಪಿಎಸ್‌ಐ ಇರಬೇಕಾದ ಕಡೆ 24! ಪಾಪ, ತಪ್ಪನ್ನು ಬ್ಯಾಟರಿ ಮೇಲೆ ಹಾಕಿದ್ದೆ.

ಬೆಳಗ್ಗೆ ಸೆಲ್ಫ್ ಎಳೆಯುತ್ತಿದ್ದರೆ, ಅಂದರೆ ಗಾಡಿ ಸ್ಟಾರ್ಟ್ ಆಗಲು ಕಷ್ಟಪಡುತ್ತಿದ್ದರೆ, ಬ್ಯಾಟರಿ ಚೆಕ್ ಮಾಡಿಸಿ. ಆ ಮೆಸೇಜ್ ಮಾತ್ರ ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಕಳಿಸಿದ್ದರೆ ಇದನ್ನೂ ಕಳಿಸಿ.