ಲೇಬಲ್ ಇಲ್ಲದ ಶಾರ್ಕ್ ದವಡೆ ನನಗೆ ಬೇಡ

ಆಳ ಸಮುದ್ರದ ಗಾಬ್ಲಿನ್ ಶಾರ್ಕಿನ ದವಡೆ ಯಾರ ಹತ್ರನಾದ್ರೂ ಇದೆ ಅಂದ್ರೆ ಎಲ್ರೂ ಮೊದಲು ಕೇಳೋದು ಎಷ್ಟು ದೊಡ್ಡದು, ಎಷ್ಟಕ್ಕೆ ಸಿಕ್ತು ಅಂತ. ನಾನು ಕೇಳೋದು ಎಲ್ಲಿ ಸಿಕ್ತು, ಎಷ್ಟು ಆಳದಲ್ಲಿ, ಯಾವ ತಾರೀಕು, ಗಂಡೋ ಹೆಣ್ಣೋ, ಇಡೀ ಮೀನಿನ ಉದ್ದ ಎಷ್ಟಿತ್ತು, ಕೊಯ್ಯೋ ಮುಂಚೆ ಫೋಟೋ ತೆಗ್ದಿದ್ರಾ. ಇವಕ್ಕೆ ಉತ್ತರ ಇಲ್ಲ ಅಂದ್ರೆ ಅದು ಎಂಥಾ ಅಪರೂಪದ್ದೇ ಆಗಿರ್ಲಿ ನನ್ನ ಸಂಗ್ರಹಕ್ಕೆ ಬೇಡ. ಗೋಡೆಗೆ ಚಂದ, ಅಷ್ಟೇ.

ದವಡೆ ಕೈಯಲ್ಲೇ ಇದೆಯಲ್ಲ, ಅಳತೆ ತಗೊಂಡ್ರೆ ಆಯ್ತು ಅಂತ ಕೆಲವ್ರು ಹೇಳ್ತಾರೆ. ಆಗಲ್ಲ ಕಣ್ರೀ. ಶಾರ್ಕಿಗೆ ಮೂಳೆ ಇಲ್ಲ, ದವಡೆ ಅಂದ್ರೆ ಮೃದ್ವಸ್ಥಿ, ನಮ್ಮ ಕಿವಿಯಲ್ಲಿರೋ ಥರದ ಬಳುಕೋ ವಸ್ತು, ಅದರ ಮೇಲೆ ಸುಣ್ಣದಂಶದ ಸಣ್ಣ ಸಣ್ಣ ಹರಳು ಹಾಸಿದ ಹಾಗೆ ಒಂದು ಪದರ, ಆಳದಲ್ಲಿರೋ ಎಷ್ಟೋ ಜಾತಿಗಳಲ್ಲಿ ಆ ಪದರಾನೂ ತೆಳು. ಮಾಂಸ ಬಿಡಿಸಿ ಚೌಕಟ್ಟಿಗೆ ಕಟ್ಟದೆ ಸುಮ್ನೆ ಒಣಗೋಕೆ ಬಿಟ್ರೆ ಸುರುಟಿಕೊಂಡು ಸೊಟ್ಟಗಾಗುತ್ತೆ, ಬೇಗ ಆಗ್ಲಿ ಅಂತ ಕುದಿಸಿದ್ರೆ ಹಲ್ಲು ಹಿಡಿದಿರೋ ಚರ್ಮ ಕರಗಿ ಹಲ್ಲೆಲ್ಲ ಉದುರುತ್ತೆ, ಆಮೇಲೆ ಯಾರೋ ಕೂತು ಅಂದಾಜಿನ ಮೇಲೆ ಗೋಂದು ಹಾಕಿ ಅಂಟಿಸ್ತಾರೆ. ಕುಕೀಕಟರ್ ಶಾರ್ಕಿನ ಕೆಳದವಡೆ ನೋಡಿ, ಹಲ್ಲುಗಳ ಬುಡ ಒಂದಕ್ಕೊಂದು ಸೇರ್ಕೊಂಡು ಗರಗಸದ ಪಟ್ಟಿ ಥರ ಇರುತ್ತೆ, ಅದು ಹಲ್ಲು ಬದಲಾಯ್ಸೋವಾಗ ಒಂದೊಂದಾಗಿ ಅಲ್ಲ, ಇಡೀ ಸಾಲನ್ನೇ ಕಳಚುತ್ತೆ. ಅಂಥದ್ರಲ್ಲಿ ಒಂದು ಹಲ್ಲು ಜಾಗ ತಪ್ಪಿದ್ರೂ ಆ ದವಡೆ ಸುಳ್ಳು ಹೇಳ್ತಾ ಇದೆ ಅಂತಾನೇ ಅರ್ಥ. ಇನ್ನು ಕೆಲವು ಜಾತಿಗಳಲ್ಲಿ ಗಂಡಿನ ಹಲ್ಲು ನೆಟ್ಟಗೆ, ಹೆಣ್ಣಿನದ್ದು ಓರೆ. ಲಿಂಗ ಬರೆದಿಡದಿದ್ರೆ ಒಂದೇ ಜಾತಿ ನೋಡಿ ಎರಡು ಅಂತ ತಿಳ್ಕೊಳ್ತೀವಿ.

ಜಾಗದ ಹೆಸರು ಎಷ್ಟು ಮುಖ್ಯ ಅನ್ನೋದಕ್ಕೆ ದೊಡ್ಡಕಣ್ಣಿನ ಸಿಕ್ಸ್‌ಗಿಲ್ ಶಾರ್ಕಿನ ಕತೆ ಸಾಕು. ಬಹಳ ಕಾಲ ಎಲ್ಲವನ್ನೂ ಹೆಕ್ಸಾಂಕಸ್ ನಕಮುರೈ ಅನ್ನೋ ಒಂದೇ ವೈಜ್ಞಾನಿಕ ಹೆಸರಲ್ಲಿ ಕರೀತಿದ್ರು, 2018ರಲ್ಲಿ ಡಿಎನ್‌ಎ ನೋಡಿ ಅಟ್ಲಾಂಟಿಕ್‌ನದ್ದು ಬೇರೆ ಜಾತಿ ಅಂತ ಗೊತ್ತಾಗಿ ಹೆಕ್ಸಾಂಕಸ್ ವಿಟುಲಸ್ ಅನ್ನೋ ಹಳೇ ಹೆಸರಿಗೆ ಮತ್ತೆ ಜೀವ ಬಂತು. ಯಾವ ಸಮುದ್ರದಿಂದ ಬಂತು ಅಂತ ಬರೆದಿಟ್ಟಿದ್ದ ದವಡೆಗಳ ಲೇಬಲ್ ತಿದ್ದೋದು ಐದು ನಿಮಿಷದ ಕೆಲಸ. ಬರೆದಿಡದೇ ಇರೋರು ಏನ್ ಮಾಡ್ಬೇಕು?

ಪೆರುವಿನ ಪಿಸ್ಕೊ ಶಿಲಾಪದರದಲ್ಲಿ 1988ರಲ್ಲಿ ಸಿಕ್ಕ ಒಂದು ಶಾರ್ಕ್ ಪಳೆಯುಳಿಕೆ ಇದೆ, 222 ಹಲ್ಲು, 45 ಬೆನ್ನೆಲುಬಿನ ಮಣಿ, ಇದನ್ನ ಸಂಗ್ರಾಹಕ ಗೋರ್ಡನ್ ಹಬ್ಬೆಲ್ ಕಾಪಾಡಿಟ್ಟು ಆಮೇಲೆ ಫ್ಲೋರಿಡಾ ಮ್ಯೂಸಿಯಂಗೆ ಕೊಟ್ರು. ಅದು ಆಳದ ಶಾರ್ಕ್ ಅಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಎಲ್ಲಿಂದ ತೆಗೆದದ್ದು ಅಂತ ಗೊತ್ತಿದ್ದಿದ್ರಿಂದಾನೇ ಮತ್ತೆ ಆ ಜಾಗಕ್ಕೆ ಹೋಗಿ ಅದರ ವಯಸ್ಸನ್ನ ತಿದ್ದೋಕಾಯ್ತು, 2012ರಲ್ಲಿ ಕಾರ್ಕರೋಡಾನ್ ಹಬ್ಬೆಲ್ಲಿ ಅಂತ ಅವರ ಹೆಸರಲ್ಲೇ ಹೊಸ ಜಾತಿ ಆಯ್ತು. ಖಾಸಗಿ ಸಂಗ್ರಹ ಅಂದ್ರೆ ಮೂಗು ಮುರಿಯೋರಿಗೆ ನಾನು ಇದನ್ನೇ ತೋರಿಸೋದು.

ಆದ್ರೆ ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳ್ಬೇಕು. ದವಡೆಗೋಸ್ಕರ ಯಾರೂ ಆಳದ ಶಾರ್ಕ್ ಹಿಡೀಬಾರ್ದು. ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ ಸಿಕ್ಕಿ ಸತ್ತದ್ದು ಮಾತ್ರ, ಅದೂ ಕಾನೂನು ಬಿಟ್ರೆ ಮಾತ್ರ. ಇವು ತುಂಬಾ ನಿಧಾನ ಬೆಳೆಯೋ ಜೀವಿಗಳು, ಫ್ರಿಲ್ಡ್ ಶಾರ್ಕ್ ಮರಿ ಹೊರೋದು ಮೂರೂವರೆ ವರ್ಷ ಇರಬಹುದು ಅಂತ ಅಂದಾಜು, ಮಾಂಸಕ್ಕೆ, ಯಕೃತ್ತಿನ ಎಣ್ಣೆಗೆ ಹಿಡಿದು ಹಿಡಿದು ಆಳದ ಶಾರ್ಕ್ ಮತ್ತು ರೇ ಮೀನುಗಳಲ್ಲಿ ಏಳರಲ್ಲಿ ಒಂದು ಜಾತಿ ಈಗಾಗ್ಲೇ ಅಪಾಯದಲ್ಲಿದೆ. ಅದರ ಮೇಲೆ ನಮ್ಮ ಶೋಕಿ ಬೇರೆ ಸೇರೋದು ಬೇಡ.

ತೀರಾ ಅಪರೂಪದ್ದು ಸಿಕ್ರೆ ದವಡೆ ಕೊಯ್ಯಲೇಬೇಡಿ, ಇಡೀ ಮೀನನ್ನ ಮ್ಯೂಸಿಯಂಗೆ ಕೊಡಿ. ಗಲ್ಫ್ ಆಫ್ ಮೆಕ್ಸಿಕೋದಲ್ಲಿ 2010ರಲ್ಲಿ ಸಿಕ್ಕ ಪುಟಾಣಿ ಪಾಕೆಟ್ ಶಾರ್ಕ್ ವರ್ಷಗಟ್ಟಲೆ ಫ್ರೀಜರಲ್ಲೇ ಇತ್ತು, 2013ರಲ್ಲಿ ಯಾರದ್ದೋ ಕಣ್ಣಿಗೆ ಬಿತ್ತು, ಮುಂಚೆ ಆ ಕುಲದ್ದು ಪ್ರಪಂಚದಲ್ಲಿ ದಾಖಲಾಗಿದ್ದೇ ಒಂದು. ಅದನ್ನ ಸ್ಕ್ಯಾನ್ ಮಾಡಿ ಹಲ್ಲು ಅಸ್ಥಿಪಂಜರ ಎಲ್ಲ ನೋಡಿದ್ರು, 2019ರಲ್ಲಿ ಹೊಸ ಜಾತಿ ಅಂತ ಹೆಸರಿಟ್ರು. ಯಾರೋ ಉತ್ಸಾಹದಲ್ಲಿ ಅದರ ದವಡೆ ಬಿಡಿಸಿದ್ದಿದ್ರೆ?

ನಿಮ್ಮ ಮನೇಲಿ ಹಳೇ ದವಡೆ ಇದ್ರೆ ಇವತ್ತೇ ಒಂದು ಚೀಟಿ ಬರೆದು ದಾರದಲ್ಲಿ ಕಟ್ಟಿ. ಪೆನ್ಸಿಲಲ್ಲಿ ಬರೀರಿ, ಶಾಯಿ ಒದ್ದೆಯಾದ್ರೆ ಹರಡುತ್ತೆ. ತಂದುಕೊಟ್ಟವರು ಬದುಕಿದ್ರೆ ಈಗ್ಲೇ ಕೇಳಿ, ಅವರು ಹೇಳಿದ್ದು ಅಂತಾನೇ ಬರೆದು ಕೇಳಿದ ತಾರೀಕೂ ಹಾಕಿ. ಗೊತ್ತಿಲ್ಲದ್ದನ್ನ ಊಹೆ ಮಾಡಿ ತುಂಬಬೇಡಿ, ಆ ಜಾಗ ಖಾಲಿ ಬಿಡಿ.