ಮೂವತ್ತರ ಹೊಸ್ತಿಲಲ್ಲಿ ಬಂದ ಮೊದಲ ಚಿನ್ನ

2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಕೂಟ ಮುಗಿದಾಗ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅತಿ ಹೆಚ್ಚು ಪದಕ ಗೆದ್ದವರ ಸಾಲಿನಲ್ಲಿ ಮೊದಲಿಗರಾಗಿ ನಿಂತವರು ನಾರ್ವೆಯ ಕ್ರಾಸ್‌ಕಂಟ್ರಿ ಸ್ಕೀ ಪಟು ಮಾರಿಟ್ ಬ್ಯೋರ್ಗೆನ್. ಎಂಟು ಚಿನ್ನ, ನಾಲ್ಕು ಬೆಳ್ಳಿ, ಮೂರು ಕಂಚು, ಒಟ್ಟು 15. ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ತಾಯಿಯಾದ ಮೇಲೆ ಅವರು ಪಡೆದ ಗೆಲುವುಗಳನ್ನು ಒಂದು ಪವಾಡದಂತೆ ವರ್ಣಿಸುತ್ತಾರೆ. ನನಗೆ ಆ ವರ್ಣನೆ ಒಪ್ಪಿಗೆಯಿಲ್ಲ. ಅವರ ಕ್ರೀಡಾಜೀವನವನ್ನು ಮೊದಲಿನಿಂದ ನೋಡುತ್ತ ಹೋದರೆ ಅಲ್ಲಿ ಕಾಣುವುದು ಪವಾಡವಲ್ಲ, ಒಬ್ಬ ಹೆಣ್ಣುಮಗಳಿಗೆ ಅವಸರಪಡಿಸದೆ ಸಿಕ್ಕ ಕಾಲಾವಕಾಶ. ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ಮಕ್ಕಳನ್ನು ಓಡಿಸಿದವನಾಗಿ ಇದನ್ನು ಬರೆಯುತ್ತಿದ್ದೇನೆ. ಹಿಮವನ್ನು ನಾನು ಟಿವಿಯಲ್ಲಿ ಮಾತ್ರ ನೋಡಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ.

ಸ್ಕೀ ಎಂದರೆ ನಮ್ಮ ಮಕ್ಕಳು ಅಡಿಕೆ ಹಾಳೆಯ ಮೇಲೆ ಕುಳಿತು ಗುಡ್ಡದಿಂದ ಜಾರುವಂಥ ಆಟವೆಂದು ಹಲವರು ತಿಳಿದಿದ್ದಾರೆ. ಹಿಮದ ಮೇಲೆ ದೂರ ಕ್ರಮಿಸುವ ಕ್ರಾಸ್‌ಕಂಟ್ರಿಯಲ್ಲಿ ಇಳಿಜಾರು ಹಾದಿಯ ಮೂರನೆಯ ಒಂದು ಪಾಲಷ್ಟೇ; ಇನ್ನೊಂದು ಪಾಲು ಏರು, ಉಳಿದದ್ದು ಏರುತಗ್ಗಿನ ನೆಲ. ಕ್ಲಾಸಿಕ್ ಶೈಲಿಯಲ್ಲಿ ಯಂತ್ರ ಕೊರೆದ ಎರಡು ಸಮಾನಾಂತರ ಗೆರೆಗಳೊಳಗೆ ಸ್ಕೀಗಳನ್ನು, ಅಂದರೆ ಕಾಲಿಗೆ ಕಟ್ಟಿದ ಉದ್ದನೆಯ ಪಟ್ಟಿಗಳನ್ನು, ಇರಿಸಿಕೊಂಡು ಓಡಬೇಕು. ಸ್ಕೀಯಲ್ಲಿ ಪಾದದ ಕೆಳಗೆ ಬರುವ ಭಾಗಕ್ಕೆ ಮಾತ್ರ ಅಂಟುಗುಣದ ಮೇಣ ಸವರಿರುತ್ತಾರೆ. ಸ್ಕೀ ಬಿಲ್ಲಿನಂತೆ ತುಸು ಬಾಗಿರುವುದರಿಂದ ಭಾರ ಹಾಕಿ ಒತ್ತಿದಾಗ ಆ ಭಾಗ ಹಿಮವನ್ನು ಕಚ್ಚಿಕೊಳ್ಳುತ್ತದೆ, ಭಾರ ತೆಗೆದೊಡನೆ ಮೇಲೆದ್ದು ಜಾರಲು ಬಿಡುತ್ತದೆ. ಹಿಮದ ಉಷ್ಣತೆ ಸ್ವಲ್ಪ ಬದಲಾದರೂ ಮೇಣದ ಲೆಕ್ಕ ತಪ್ಪುತ್ತದೆ. ಕೈ, ಬೆನ್ನು, ಹೊಟ್ಟೆ, ಕಾಲು ಎಲ್ಲವೂ ಒಟ್ಟಿಗೆ ದುಡಿಯುವ ಈ ಆಟದಲ್ಲಿ ಉಸಿರಿನ ಬಲವೇ ಬಂಡವಾಳ, ಮತ್ತು ಆ ಬಂಡವಾಳ ಕೂಡಿಬರಲು ವರ್ಷಗಳೇ ಬೇಕು.

ಬ್ಯೋರ್ಗೆನ್ ಹುಟ್ಟಿದ್ದು 1980ರ ಮಾರ್ಚಿನಲ್ಲಿ. ಬೆಳೆದದ್ದು ಟ್ರಾಂಡ್‌ಹೈಮ್ ನಗರದ ದಕ್ಷಿಣಕ್ಕಿರುವ ರೋಗ್ನೆಸ್ ಎಂಬ ಹಳ್ಳಿಯ ಕೃಷಿಕ ಕುಟುಂಬದಲ್ಲಿ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನಲ್ಲಿ ರಿಲೇ ತಂಡದೊಂದಿಗೆ ಬೆಳ್ಳಿ ಬಂತು, ಮರುವರ್ಷ ಸ್ಪ್ರಿಂಟ್‌ನಲ್ಲಿ ವಿಶ್ವಚಾಂಪಿಯನ್ ಪಟ್ಟ, 2005ರ ವಿಶ್ವಕೂಟದಲ್ಲಿ ಐದು ಪದಕ. ಆದ್ದರಿಂದ 2006ರ ಟುರಿನ್ ಒಲಿಂಪಿಕ್ಸಿಗೆ ಅವರು ಹೋದಾಗ ಚಿನ್ನ ಕಟ್ಟಿಟ್ಟದ್ದೆಂದೇ ಎಲ್ಲರೂ ಎಣಿಸಿದ್ದರು. ಹೊಟ್ಟೆಯ ಕಾಯಿಲೆ ಕಾಡಿತು, ಒಂದು ಬೆಳ್ಳಿಯೊಂದಿಗೆ ಹಿಂದಿರುಗಿದರು. ಅನಂತರದ ಋತುಗಳು ಇನ್ನೂ ಇಳಿಮುಖವಾದವು. ವಯಸ್ಸು ಇಪ್ಪತ್ತೊಂಬತ್ತಾಗಿತ್ತು, ಕೈಯಲ್ಲಿ ಒಲಿಂಪಿಕ್ ಚಿನ್ನ ಒಂದೂ ಇರಲಿಲ್ಲ. ನಮ್ಮಲ್ಲಾದರೆ ಆ ಹಂತದಲ್ಲಿ ಸನ್ಮಾನವೊಂದನ್ನು ಮಾಡಿ, ಶಾಲು ಹೊದಿಸಿ, ಫಲಪುಷ್ಪ ಕೊಟ್ಟು ಮನೆಗೆ ಕಳುಹಿಸಿರುತ್ತಿದ್ದರು. 2010ರ ವ್ಯಾಂಕೂವರ್‌ನಲ್ಲಿ, ಮೂವತ್ತು ತುಂಬಲು ಒಂದು ತಿಂಗಳು ಬಾಕಿಯಿರುವಾಗ, ಅವರು ಸ್ಪ್ರಿಂಟ್, ಎರಡು ಶೈಲಿಗಳಲ್ಲಿ ಓಡುವ ಪರ್ಸ್ಯೂಟ್ ಮತ್ತು ರಿಲೇಯಲ್ಲಿ ಮೂರು ಚಿನ್ನ ಗೆದ್ದರು. ಜೊತೆಗೆ ಒಂದು ಬೆಳ್ಳಿ, ಒಂದು ಕಂಚು. 2014ರ ಸೋಚಿಯಲ್ಲಿ ಮತ್ತೆ ಮೂರು ಚಿನ್ನ.

ಅವರ ತರಬೇತಿಯ ದಿನಚರಿಗಳನ್ನು ನಾರ್ವೆಯ ಸಂಶೋಧಕರು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಇಪ್ಪತ್ತನೆಯ ವಯಸ್ಸಿನಲ್ಲಿ ವರ್ಷಕ್ಕೆ 522 ಗಂಟೆಯಿದ್ದ ತರಬೇತಿ ಮೂವತ್ತೈದರ ಹೊತ್ತಿಗೆ 940 ಗಂಟೆಗೆ ಏರಿತ್ತು. ವೃತ್ತಿಯವನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಶ: ಅತ್ಯಂತ ಯಶಸ್ವಿ ವರ್ಷಗಳಲ್ಲಿ ಅವರ ಸಹನಶಕ್ತಿ ತರಬೇತಿಯ ಶೇಕಡಾ 90ಕ್ಕೂ ಹೆಚ್ಚಿನ ಪಾಲು ಕಡಿಮೆ ತೀವ್ರತೆಯದ್ದು, ಅಂದರೆ ಏದುಸಿರು ಬರದಷ್ಟು ನಿಧಾನದ್ದು. ನಮ್ಮಲ್ಲಿ ಉಪಜಿಲ್ಲಾ ಕ್ರೀಡಾಕೂಟದ ದಿನಾಂಕ ಗೊತ್ತಾದ ಮೇಲೆ ಮಕ್ಕಳನ್ನು ಮೈದಾನಕ್ಕೆ ಇಳಿಸಿ, ಬಾಯಿ ಒಣಗುವವರೆಗೆ ಓಡಿಸಿ, ಕೂಟ ಮುಗಿದ ಮರುದಿನ ಮರೆತುಬಿಡುವ ಪದ್ಧತಿ ಇದೆ. ಅದರಿಂದ ಒಂದು ಸರ್ಟಿಫಿಕೇಟ್ ಸಿಗಬಹುದು, ಗ್ರೇಸ್ ಮಾರ್ಕ್ ಸಿಗಬಹುದು, ಓಟಗಾರ್ತಿ ಸಿಗುವುದಿಲ್ಲ.

ಮುರಕಲ್ಲಿನ ಪದವಿನ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳೊಳಗೆ 3000 ಮೀಟರನ್ನು ಬರಿಗಾಲಲ್ಲಿ ಓಡುತ್ತಿದ್ದ ಒಬ್ಬ ಹುಡುಗಿ ನನ್ನ ಶಾಲೆಯಲ್ಲಿದ್ದಳು. ಕೊನೆಯ ಸುತ್ತಿನಲ್ಲೂ ಅವಳ ಭುಜ ಬಿಗಿಯುತ್ತಿರಲಿಲ್ಲ, ಬೆರಳುಗಳು ಸಡಿಲವಾಗಿಯೇ ಇರುತ್ತಿದ್ದವು. ದೂರದ ಓಟಕ್ಕೆ ಹುಟ್ಟಿದವರ ಲಕ್ಷಣವದು. ಪ್ಲಸ್ ಟು ಮುಗಿದ ಮೇಲೆ ಮದುವೆಯಾಯಿತು. ಇತ್ತೀಚೆಗೆ ಕೇರಳದ ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯವರು ನಡೆಸುವ ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದಳು. ಈಗಲೂ ಓಡುವುದುಂಟೋ ಎಂದು ಕೇಳಿದೆ. “ಓಡದೆ ಏನು ಮಾಷ್ಟ್ರೇ, ದಿನಾ ಬೆಳಿಗ್ಗೆ ಬಸ್ಸಿನ ಹಿಂದೆ ಓಡ್ತೇನೆ” ಎಂದು ನಕ್ಕಳು. ಅವಳಿಗೆ ಈಗ ಬ್ಯೋರ್ಗೆನ್ ಮೊದಲ ಒಲಿಂಪಿಕ್ ಚಿನ್ನ ಗೆದ್ದ ವಯಸ್ಸೂ ಆಗಿಲ್ಲ.

2015ರ ಡಿಸೆಂಬರಿನಲ್ಲಿ ಬ್ಯೋರ್ಗೆನ್‌ಗೆ ಮಗ ಹುಟ್ಟಿದ. ಗರ್ಭಿಣಿಯಾಗಿದ್ದಾಗ ತರಬೇತಿಯನ್ನು ಕಡಿಮೆ ಮಾಡಿದರೇ ಹೊರತು ಬಿಡಲಿಲ್ಲ. ಹೆರಿಗೆಯ ನಂತರ ಹಂತಹಂತವಾಗಿ ಏರಿಸಿದರು. ಅವರ ಬಾಳಸಂಗಾತಿ ಫ್ರೆಡ್ ಬೋರೆ ಲುಂಡ್‌ಬರ್ಗ್ ಸ್ವತಃ ಸ್ಕೀ ಜಿಗಿತ ಮತ್ತು ಕ್ರಾಸ್‌ಕಂಟ್ರಿ ಎರಡೂ ಸೇರಿದ ನಾರ್ಡಿಕ್ ಕಂಬೈಂಡ್ ಆಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು, ಆದ್ದರಿಂದ ದಿನಕ್ಕೆರಡು ಬಾರಿ ತರಬೇತಿಗೆ ಹೋಗುವುದು ಏಕೆಂದು ಆ ಮನೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹದಿನಾಲ್ಕು ತಿಂಗಳ ನಂತರ, 2017ರ ಲಹ್ತಿ ವಿಶ್ವಕೂಟದಲ್ಲಿ ಅವರು ನಾಲ್ಕು ಚಿನ್ನ ಗೆದ್ದರು. ಪ್ಯೊಂಗ್‌ಚಾಂಗ್‌ನ ಕೊನೆಯ ಸ್ಪರ್ಧೆಯಾದ 30 ಕಿ.ಮೀ. ಕ್ಲಾಸಿಕ್‌ನಲ್ಲಿ, ಮೂವತ್ತೆಂಟರ ಸಮೀಪದಲ್ಲಿದ್ದ ಅವರು ಎರಡನೆಯವರಾದ ಫಿನ್ಲೆಂಡಿನ ಕ್ರಿಸ್ಟಾ ಪರ್ಮಕೊಸ್ಕಿಗಿಂತ ಸುಮಾರು ಒಂದು ನಿಮಿಷ ಐವತ್ತು ಸೆಕೆಂಡು ಮೊದಲೇ ಗುರಿ ಮುಟ್ಟಿದರು. ಅದೇ ಕೂಟದ ಟೀಮ್ ಸ್ಪ್ರಿಂಟ್‌ನಲ್ಲಿ ಅಮೆರಿಕಕ್ಕೆ ಚಿನ್ನ ತಂದ ಜೋಡಿಯಲ್ಲಿದ್ದ ಕಿಕ್ಕನ್ ರ‍್ಯಾಂಡಲ್ ಕೂಡ 2016ರಲ್ಲಿ ತಾಯಿಯಾದವರು. ಅಷ್ಟೇಕೆ, ನಮ್ಮದೇ ಕರಾವಳಿಯ ಪಯ್ಯೋಳಿಯ ಪಿ.ಟಿ. ಉಷಾ ಮಗನನ್ನು ಹೆತ್ತ ಬಳಿಕ ಟ್ರ್ಯಾಕಿಗೆ ಮರಳಿ, 1998ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ತಮ್ಮ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ 200 ಮತ್ತು 400 ಮೀಟರಿನಲ್ಲಿ ಕಂಚು ಗೆದ್ದಿದ್ದರು. 1984ರ ಲಾಸ್ ಏಂಜಲೀಸ್‌ನಲ್ಲಿ ಅವರ ಕೈತಪ್ಪಿದ ಪದಕದ ಬಗ್ಗೆ ಮರುಗುವ ನಾವು ಈ ಎರಡು ಪದಕಗಳನ್ನು ನೆನೆಯುವುದೇ ಇಲ್ಲ.

ಬ್ಯೋರ್ಗೆನ್ ಬಗ್ಗೆ ಆಕ್ಷೇಪಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಅಸ್ತಮಾಕ್ಕೆ ಅವರು ಔಷಧ ಬಳಸುತ್ತಿದ್ದರು. ಉದ್ದೀಪನ ಮದ್ದಿನ ನಿಯಮದಡಿ ಅದಕ್ಕೆ ವಿಶೇಷ ಅನುಮತಿಯಿತ್ತು. ಅವರ ಎದುರಾಳಿ, ಪೋಲೆಂಡಿನ ಯುಸ್ಟಿನಾ ಕೊವಾಲ್ಚಿಕ್ ವ್ಯಾಂಕೂವರ್‌ನಲ್ಲೇ ಇದನ್ನು ಬಹಿರಂಗವಾಗಿ ಟೀಕಿಸಿದರು, ಮತ್ತು ಆ ಕೂಟದ 30 ಕಿ.ಮೀ.ಯಲ್ಲಿ ಬ್ಯೋರ್ಗೆನ್‌ರನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿಯೂ ಬಿಟ್ಟರು. ನಿಯಮದೊಳಗೆ ಇದ್ದುದನ್ನು ತಪ್ಪೆನ್ನಲಾಗದು ಎಂಬುದು ನನ್ನ ನಿಲುವು; ಆದರೆ ಇಂಥ ಅನುಮತಿಗಳ ಬಗ್ಗೆ ಎದುರಾಳಿಗಳಿಗೆ ಸಂಶಯ ಹುಟ್ಟುವುದು ಸಹಜ.

ಇನ್ನೊಂದು ಅನ್ಯಾಯದ ಬಗ್ಗೆ ಅಷ್ಟು ಚರ್ಚೆಯಾಗಲಿಲ್ಲ. ಒಲಿಂಪಿಕ್ಸಿನಲ್ಲಿ ಗಂಡಸರಿಗೆ 50 ಕಿ.ಮೀ. ಇದ್ದಾಗ ಹೆಂಗಸರಿಗೆ 30 ಕಿ.ಮೀ.ಯೇ ಕೊನೆಯಾಗಿತ್ತು. ಅಂತರ ಹೆಚ್ಚಿದಷ್ಟೂ ಬಲಗೊಳ್ಳುತ್ತಿದ್ದ ಈ ಓಟಗಾರ್ತಿಗೆ ಒಲಿಂಪಿಕ್ಸಿನಲ್ಲಿ ಒಮ್ಮೆಯೂ 50 ಕಿ.ಮೀ. ಸ್ಪರ್ಧಿಸುವ ಅವಕಾಶ ಸಿಗಲಿಲ್ಲ. ವಿಶ್ವಕಪ್‌ನಲ್ಲಿ ಇಬ್ಬರಿಗೂ ಸಮಾನ ಅಂತರ ಬಂದದ್ದು 2022-23ರ ಋತುವಿನಲ್ಲಿ. ಅವರು ನಿವೃತ್ತರಾದದ್ದು 2018ರಲ್ಲಿ.

ಯುವಜನರ ಆಟ-ಕಲೆಗಳ ಹಬ್ಬವಾದ ಕೇರಳೋತ್ಸವದ ಮುಂದಿನ ಪಂಚಾಯತ್ ಸಂಘಟನಾ ಸಮಿತಿ ಸಭೆಯಲ್ಲಿ ನಾನು ಎರಡು ಬೇಡಿಕೆ ಇಡುವವನಿದ್ದೇನೆ. ಹೆಂಗಸರಿಗೆ 3000 ಮೀಟರ್ ಓಟ ಇರಬೇಕು, ಅದನ್ನು ನಡುಮಧ್ಯಾಹ್ನದ ಬಿಸಿಲಿಗೆ ತಳ್ಳದೆ ಬೆಳಿಗ್ಗೆ ಏಳಕ್ಕೇ ನಡೆಸಬೇಕು. ಓಡುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಮೈದಾನದ ಬದಿಯಲ್ಲಿ ಒಂದು ಚಪ್ಪರ ಮತ್ತು ಇಬ್ಬರು ಆಯಾಗಳು ಇರಬೇಕು. ಸಮಯ ಸಾಲದೆಂಬ ಆಕ್ಷೇಪ ಬಂದೇ ಬರುತ್ತದೆ. ಗಂಡಸರ ಹಗ್ಗಜಗ್ಗಾಟಕ್ಕೆ ಮಧ್ಯರಾತ್ರಿಯವರೆಗೆ ಫ್ಲಡ್‌ಲೈಟ್ ಉರಿಸುವ ಊರಿನಲ್ಲಿ ಇದಕ್ಕೆ ಅರ್ಧ ಗಂಟೆ ಸಿಗದೆಂದರೆ ನಾನು ನಂಬುವುದಿಲ್ಲ. ಹೆಸರು ಕೊಡಲು ಮನಸ್ಸಿರುವವರು, ಹಳೆಯ ವಿದ್ಯಾರ್ಥಿನಿಯರು ಮುಖ್ಯವಾಗಿ, ನನಗೆ ಮೊದಲೇ ತಿಳಿಸಿದರೆ ಸಭೆಗೆ ಪಟ್ಟಿ ಹಿಡಿದುಕೊಂಡೇ ಹೋಗುತ್ತೇನೆ.